ಇಪ್ಪತ್ತು ಸಿಟಿಂಗ್, ಮೂರು ಲೋಟ ನೀರು: ಒಂದು ಪ್ರಾಸ್ಟೇಟ್ ರೇಡಿಯೇಷನ್ ಪ್ರಕರಣ

ನಾನು ರೇಡಿಯೇಷನ್ ಮಷೀನ್ ನಡೆಸುವ ಟೆಕ್ನಾಲಜಿಸ್ಟ್. ರೋಗಿಯನ್ನು ಮೇಜಿನ ಮೇಲೆ ಮಲಗಿಸುವುದು, ಸ್ಕ್ಯಾನ್ ತೆಗೆದು ಜಾಗ ಸರಿಯಿದೆಯಾ ಅಂತ ನೋಡುವುದು, ಆಮೇಲೆ ಬೀಮ್ ಬಿಡುವುದು ನನ್ನ ಕೆಲಸ. ಚಿಕಿತ್ಸೆ ಏನು, ಎಷ್ಟು ಅಂತ ತೀರ್ಮಾನಿಸುವವರು ಡಾಕ್ಟರು. ಆದರೆ ರೋಗಿಯ ಮುಖ ದಿನಾ ನೋಡುವವರು ನಾವು. ಈ ಪ್ರಕರಣದಲ್ಲಿ ನಾನು ಎಡವಿದ ಜಾಗವೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಈ ರೋಗಿಗೆ ಆಗ 67 ವರ್ಷ. ಕೆಲಸದಿಂದ ನಿವೃತ್ತರಾಗಿದ್ದರು. ಎರಡು ವರ್ಷ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿತ್ತು, ದಿನಾ ಆಸ್ಪಿರಿನ್ ಮಾತ್ರೆ ನಡೆಯುತ್ತಿತ್ತು. ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತಿದ್ದರು, ಧಾರೆ ಸಣ್ಣಗಾಗಿತ್ತು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದರು. ಬೇರೆ ತಪಾಸಣೆಯ ಜೊತೆ ಪಿಎಸ್‌ಎ (ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಪ್ರೋಟೀನಿನ ಪರೀಕ್ಷೆ) ಮಾಡಿಸಿದಾಗ 11.2 ಬಂತು, ಅದು ಜಾಸ್ತಿ. ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿದರೂ ಹೆಚ್ಚುಕಡಿಮೆ ಅಷ್ಟೇ. ಎಂಆರ್‌ಐಯಲ್ಲಿ ಎಡಗಡೆ ಒಂದು ಅನುಮಾನದ ಜಾಗ ಕಂಡಿತು. ಬಯಾಪ್ಸಿಯಲ್ಲಿ ತೆಗೆದ 12 ತುಣುಕುಗಳಲ್ಲಿ ಐದರಲ್ಲಿ ಕ್ಯಾನ್ಸರ್ ಇತ್ತು. ಕ್ಯಾನ್ಸರ್ ಎಷ್ಟು ಒರಟು ಅಂತ ಹೇಳುವ ಗ್ಲೀಸನ್ ಅಂಕ 4+3, ಒಟ್ಟು 7.

ಈ 7 ನೋಡಿ ಮಗಳು ಹತ್ತಕ್ಕೆ ಏಳು ಅಂದುಕೊಂಡು ಗಾಬರಿಯಾಗಿದ್ದರು. ಈ ಅಂಕವನ್ನು ಪರೀಕ್ಷೆಯ ಮಾರ್ಕಿನ ಹಾಗೆ ಓದಬಾರದು. ಈಗ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದರೆ ಅಂಕ ಸಾಮಾನ್ಯವಾಗಿ 6ರಿಂದಲೇ ಶುರು. 7 ಅಂದರೆ ನಡುವಿನದು. ಆದರೆ ಅದರೊಳಗೂ ಒಂದು ವ್ಯತ್ಯಾಸವಿದೆ. 3+4 ಅಂದರೆ ಹೆಚ್ಚಿನ ಭಾಗ ಸೌಮ್ಯ ಜಾತಿ. 4+3 ಅಂದರೆ ಹೆಚ್ಚಿನ ಭಾಗ ಸ್ವಲ್ಪ ಒರಟು ಜಾತಿ. ಮೊತ್ತ ಒಂದೇ ಆದರೂ, ಒಂದರಿಂದ ಐದರವರೆಗಿನ ಗುಂಪುಗಳಲ್ಲಿ 3+4 ಎರಡನೇ ಗುಂಪು, ಇವರ 4+3 ಮೂರನೇ ಗುಂಪು. ಸ್ಕ್ಯಾನ್‌ಗಳಲ್ಲಿ ಮೂಳೆಗಾಗಲಿ ದುಗ್ಧಗ್ರಂಥಿಗಾಗಲಿ ಹರಡಿದ ಗುರುತು ಇರಲಿಲ್ಲ. ಮಧ್ಯಮ ಅಪಾಯ, ಅದರಲ್ಲೂ ಸ್ವಲ್ಪ ಜಾಸ್ತಿ ಎಚ್ಚರ ಬೇಕಾದ ಬಗೆ ಅಂತ ಡಾಕ್ಟರು ತೀರ್ಮಾನಿಸಿದರು.

ಆಪರೇಷನ್ನಾ, ರೇಡಿಯೇಷನ್ನಾ

ಮನೆಯವರಿಗೆ ಆಪರೇಷನ್ ಮಾಡಿಸಿ ಗಂಟೇ ತೆಗೆಸಿಬಿಡುವ ಮನಸ್ಸಿತ್ತು. ತೆಗೆದರೆ ಹೋಯ್ತು, ಒಳಗೇ ಇಟ್ಟುಕೊಂಡು ಕರೆಂಟ್ ಕೊಡಿಸಿದರೆ ಅದು ಅಲ್ಲೇ ಇರುತ್ತಲ್ಲ ಅನ್ನುವ ಲೆಕ್ಕ. ಇದು ತುಂಬಾ ಜನ ಕೇಳುವ ಪ್ರಶ್ನೆ, ತಪ್ಪು ಪ್ರಶ್ನೆಯೂ ಅಲ್ಲ.

ಡಾಕ್ಟರು ಅವರಿಗೆ ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದ ವಿಷಯ ಹೇಳಿದರು. 1,643 ಗಂಡಸರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದ್ದರು. ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಇನ್ನೊಂದಕ್ಕೆ ಬರೀ ನಿಗಾ. 2023ರಲ್ಲಿ ಬಂದ 15 ವರ್ಷದ ಲೆಕ್ಕದಲ್ಲಿ ಮೂರೂ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಎರಡು ಮೂರು ಜನ. ವ್ಯತ್ಯಾಸ ಕಂಡದ್ದು ಅಡ್ಡಪರಿಣಾಮದಲ್ಲಿ. ಆಪರೇಷನ್ ಆದವರಿಗೆ ಮೂತ್ರ ಸೋರುವ ತೊಂದರೆ ಜಾಸ್ತಿ. ರೇಡಿಯೇಷನ್ ಆದವರಿಗೆ ಕರುಳಿನ ಕಿರಿಕಿರಿ ಜಾಸ್ತಿ. ಆದರೆ ಆ ಅಧ್ಯಯನದಲ್ಲಿದ್ದವರಲ್ಲಿ ಹೆಚ್ಚಿನವರ ರೋಗ ಇವರದ್ದಕ್ಕಿಂತ ಸೌಮ್ಯ. ಡಾಕ್ಟರು ಅದನ್ನೂ ಮುಚ್ಚಿಡದೆ ಹೇಳಿದರು, ಅದು ನನಗೆ ಇಷ್ಟವಾಯಿತು. ಇವರ ವಿಷಯದಲ್ಲಿ ಸುಮ್ನೆ ನಿಗಾ ಇಡುವ ಮಾತು ಹೊಂದುತ್ತಿರಲಿಲ್ಲ.

ಕೊನೆಗೆ ತಕ್ಕಡಿ ವಾಲಿದ್ದು ಹೃದಯದಿಂದ. ಆಪರೇಷನ್ ಅಸಾಧ್ಯವೇನಲ್ಲ, ಆದರೆ ಅರಿವಳಿಕೆಯ ಅಪಾಯ ಸ್ವಲ್ಪ ಹೆಚ್ಚು ಅಂತ ಹೃದಯದ ಡಾಕ್ಟರು ಹೇಳಿದರು. ಇವರೇ ಯೋಚಿಸಿ ರೇಡಿಯೇಷನ್ ಅಂದರು.

ಐದೇ ಸಿಟಿಂಗಿನಲ್ಲಿ ಮುಗಿಯುವ ಚಿಕಿತ್ಸೆಯ ಬಗ್ಗೆ ಮಗಳು ಎಲ್ಲೋ ಓದಿದ್ದರು. ಇದೆ, ನಿಜ. ಆದರೆ ಅದಕ್ಕೆ ಆಧಾರವಾದ ಪೇಸ್ ಬಿ ಅಧ್ಯಯನದಲ್ಲಿ 4+3 ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ಮೂತ್ರದ ತೊಂದರೆಯೂ ಐದು ಸಿಟಿಂಗಿನವರಲ್ಲಿ ತುಸು ಹೆಚ್ಚಿತ್ತು. ಇವರ ಧಾರೆ ಮೊದಲೇ ಸಣ್ಣದು. ಹಾಗಾಗಿ 20 ಸಿಟಿಂಗ್, ದಿನಕ್ಕೆ 3 ಗ್ರೇ (ರೇಡಿಯೇಷನ್ ಡೋಸಿನ ಅಳತೆ), ಒಟ್ಟು 60 ಗ್ರೇ ಅಂತ ಆಯಿತು. ವಾರಕ್ಕೆ ಐದು ದಿನ, ನಾಲ್ಕು ವಾರ. ಮೊದಲೆಲ್ಲ ಇದೇ ಕೆಲಸಕ್ಕೆ 37ರಿಂದ 40 ಸಿಟಿಂಗ್ ಬೇಕಿತ್ತು. 3,216 ಗಂಡಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಚಿಪ್ ಅಧ್ಯಯನ, 20 ಸಿಟಿಂಗ್ 37ಕ್ಕಿಂತ ಕಡಿಮೆಯೇನಲ್ಲ ಅಂತ ತೋರಿಸಿದ ಮೇಲೆ ಪದ್ಧತಿ ಬದಲಾಯಿತು.

ಜೊತೆಗೆ ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್. ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೋಸ್ಟಿರೋನ್ ಮೇವು ಇದ್ದ ಹಾಗೆ. ಅದನ್ನು ತಗ್ಗಿಸಿದರೆ ರೇಡಿಯೇಷನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಮೂರು ತಿಂಗಳಿಗೊಂದರಂತೆ ಎರಡು ಇಂಜೆಕ್ಷನ್, ಮೊದಲನೆಯದು ರೇಡಿಯೇಷನ್‌ಗೆ ಎರಡು ತಿಂಗಳ ಮುಂಚೆ. ಮೈ ಬಿಸಿಯೇರುವುದು, ಸುಸ್ತು, ಸಣ್ಣದಕ್ಕೆಲ್ಲ ಸಿಡುಕು, ಎಲ್ಲಾ ಬಂತು. ಇದು ಇಂಜೆಕ್ಷನ್ನಿನ ಆಟ ಅಂತ ಮೊದಲೇ ಹೇಳಿದ್ದರಿಂದ ಮನೆಯವರು ತಡೆದುಕೊಂಡರು.

ಪ್ಲಾನಿಂಗ್ ದಿನ ವಾಪಸ್ ಕಳಿಸಿದ್ದು

ಪ್ರಾಸ್ಟೇಟ್ ಕುಳಿತಿರುವ ಜಾಗ ಇಕ್ಕಟ್ಟು. ಮೇಲೆ ಮೂತ್ರಕೋಶ, ಹಿಂದೆ ಗುದನಾಳ. ಎರಡೂ ಚೀಲಗಳು, ದಿನಾ ಉಬ್ಬುತ್ತವೆ, ಕುಗ್ಗುತ್ತವೆ. ನಡುವೆ ಸಿಕ್ಕ ಪ್ರಾಸ್ಟೇಟ್ ಮಿಲಿಮೀಟರ್ ಲೆಕ್ಕದಲ್ಲಿ ಆಚೆ ಈಚೆ ಸರಿಯುತ್ತದೆ. ನಾವು ಗುರಿಯ ಸುತ್ತ ಬಿಡುವ ಅಂಚೂ ಬರೀ ಕೆಲವೇ ಮಿಲಿಮೀಟರ್. ಅದಕ್ಕೇ ಮೂರು ಸಣ್ಣ ಚಿನ್ನದ ಕಾಳುಗಳನ್ನು ಸೂಜಿಯಲ್ಲಿ ಪ್ರಾಸ್ಟೇಟ್ ಒಳಗೆ ಇಡುತ್ತಾರೆ. ದಿನಾ ಸ್ಕ್ಯಾನಿನಲ್ಲಿ ಅವು ಹೊಳೆಯುತ್ತವೆ, ನಾವು ಅವನ್ನು ಹಿಡಿದು ಮೇಜು ಸರಿಸುತ್ತೇವೆ. ಮೂತ್ರಕೋಶ ತುಂಬಿದ್ದರೆ ಅದರ ಮೇಲ್ಭಾಗ ಬೀಮಿನಿಂದ ದೂರ ಹೋಗುತ್ತದೆ, ಸಣ್ಣ ಕರುಳನ್ನೂ ಮೇಲೆ ತಳ್ಳುತ್ತದೆ. ಗುದನಾಳ ಖಾಲಿಯಿದ್ದರೆ ಪ್ರಾಸ್ಟೇಟ್ ತನ್ನ ಜಾಗದಲ್ಲಿರುತ್ತದೆ.

ಬೀಮ್ ಎಲ್ಲಿ, ಹೇಗೆ ಬಿಡಬೇಕು ಅಂತ ಲೆಕ್ಕ ಹಾಕಲು ಮೊದಲೇ ತೆಗೆಯುವ ಸಿಟಿ ಸ್ಕ್ಯಾನಿಗೆ ಪ್ಲಾನಿಂಗ್ ಸಿಟಿ ಅನ್ನುತ್ತೇವೆ. ಅದನ್ನು ತೆಗೆದ ದಿನ ಇವರ ಗುದನಾಳದ ತುಂಬಾ ಗ್ಯಾಸು. ಬಲೂನಿನ ಹಾಗೆ ಉಬ್ಬಿ ಪ್ರಾಸ್ಟೇಟನ್ನು ಮುಂದಕ್ಕೆ ತಳ್ಳಿತ್ತು. ಹೇಗೂ ದಿನಾ ಸ್ಕ್ಯಾನ್ ಮಾಡ್ತೀವಲ್ಲ, ಇದರಲ್ಲೇ ಪ್ಲಾನ್ ಮಾಡೋಣ ಅಂತ ಒಬ್ಬರು ಅಂದರು. ಡಾಕ್ಟರು ಒಪ್ಪಲಿಲ್ಲ. ಉಬ್ಬಿದ ಗುದನಾಳದ ಮೇಲೆ ಪ್ಲಾನ್ ಮಾಡಿಸಿಕೊಂಡವರಲ್ಲಿ ರೋಗ ಮರುಕಳಿಸುವುದು ಜಾಸ್ತಿ ಅಂತ 2005ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಅದು ದಿನಾ ಪ್ರಾಸ್ಟೇಟ್ ನೋಡಿ ಗುರಿಯಿಡುವ ಸೌಲಭ್ಯ ಇಲ್ಲದ ಕಾಲದ್ದು. ಆದರೂ ಅಡಿಪಾಯವೇ ವಾರೆಯಾದರೆ ದಿನಾ ತಿದ್ದುತ್ತಾ ಕೂರಬೇಕಾಗುತ್ತದೆ. ನಾಲ್ಕು ದಿನ ಹೊಟ್ಟೆ ಸಡಿಲಿಸುವ ಔಷಧ ಕೊಟ್ಟು ಮತ್ತೆ ಕರೆಸಿದರು. ಎರಡನೇ ಸಿಟಿಯಲ್ಲಿ ಗುದನಾಳ ಚಪ್ಪಟೆ, ಮೂತ್ರಕೋಶದಲ್ಲಿ ಸುಮಾರು 310 ಮಿ.ಲೀ. ಪುಸ್ತಕದ ಚಿತ್ರದಂತಿತ್ತು.

ಆ 310 ಮುಂದೆ ನಮಗೇ ತಲೆನೋವಾಯಿತು.

ಒಂಬತ್ತನೇ ದಿನ

ನಮ್ಮ ನಿಯಮ ಸರಳ. ಮೊದಲು ಮೂತ್ರ ಮಾಡಿ ಬರಬೇಕು, ಮೂರು ಲೋಟ ನೀರು ಕುಡಿಯಬೇಕು, ಮುಕ್ಕಾಲು ಗಂಟೆ ತಡೆದುಕೊಳ್ಳಬೇಕು. ಮೊದಲ ವಾರ ಎಲ್ಲ ಚೆನ್ನಾಗಿ ನಡೆಯಿತು. ಆರನೇ ದಿನ ಮೂತ್ರಕೋಶ 190, ಎಂಟನೇ ದಿನ 140, ಒಂಬತ್ತನೇ ದಿನ 110.

ಪ್ರತಿ ದಿನ ನಾನು ಕೇಳುತ್ತಿದ್ದೆ, "ನೀರು ಕುಡಿದ್ರಾ ಸರ್?" "ಕುಡಿದೆನಪ್ಪಾ, ಮೂರು ಲೋಟ." ಮೇಜಿನಿಂದ ಇಳಿಸಿ ಇನ್ನೊಂದು ಲೋಟ ಕುಡಿಸಿ ಕಾಯಿಸುತ್ತಿದ್ದೆ. ಶೀಟಿನಲ್ಲಿ 'ಮತ್ತೆ ತಿಳಿಹೇಳಲಾಯಿತು' ಅಂತ ಬರೆಯುತ್ತಿದ್ದೆ. ಮೂರು ಸಲ ಹಾಗೇ ಬರೆದಿದ್ದೇನೆ. ಈಗ ಆ ಶೀಟ್ ನೋಡಿದರೆ ನಾಚಿಕೆಯಾಗುತ್ತದೆ. ಏನೂ ತಿಳಿದುಕೊಳ್ಳದೆ ಬರೀ ತಿಳಿಹೇಳಿದ್ದೆ.

ವಿಷಯ ಹೊರಗೆ ಬಂದದ್ದು ಅವರ ಹೆಂಡತಿಯಿಂದ. ಒಂಬತ್ತನೇ ದಿನ ಅವರು ಬಟ್ಟೆ ಬದಲಿಸುತ್ತಿದ್ದಾಗ ಆಕೆ ನನ್ನನ್ನು ಪಕ್ಕಕ್ಕೆ ಕರೆದರು. "ಅವರಿಗೆ ಬೈಬೇಡಿಪ್ಪಾ. ಮೊನ್ನೆ ನಿಮ್ಮ ಮಷೀನ್ ನಿಂತಿತ್ತಲ್ಲ, ಅವತ್ತು ಇಲ್ಲೇ ಪ್ಯಾಂಟು ಒದ್ದೆಯಾಯ್ತು. ಯಾರಿಗೂ ಹೇಳಬೇಡ ಅಂದಿದಾರೆ. ಅವತ್ತಿಂದ ನೀರೇ ಮುಟ್ಟಲ್ಲ."

ಐದನೇ ದಿನ ಮಷೀನ್ ಕೈಕೊಟ್ಟಿತ್ತು, ನಿಜ. ಸುಮಾರು 50 ನಿಮಿಷ ತಡ. ಮಷೀನ್ ನಿಂತಾಗಲೇ ಇವರು ನೀರು ಕುಡಿದು ಮುಕ್ಕಾಲು ಗಂಟೆಯಾಗಿತ್ತು. ನಾವು ಮಷೀನಿನ ಹಿಂದೆ ಬಿದ್ದಿದ್ದೆವು. ಹೊರಗೆ ಕೂತವರ ಹೊಟ್ಟೆಯಲ್ಲಿ ಎಷ್ಟು ನೀರಿದೆ ಅಂತ ಯಾರೂ ಯೋಚಿಸಲಿಲ್ಲ. ಅವತ್ತಿನ ಮೇಲೆ ಅವರು ಒಂದು ಲೋಟ ಕುಡಿದು ಮೂರು ಅನ್ನುತ್ತಿದ್ದರು. ರಾತ್ರಿ ಐದು ಸಲ ಏಳಬೇಕಾಗುತ್ತಿತ್ತು ಅಂತ ಮನೆಯಲ್ಲೂ ಸಂಜೆ ಮೇಲೆ ನೀರು ಬಿಟ್ಟಿದ್ದರು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಮೊದಲೇ ಕೆರಳಿದ ಮೂತ್ರಕೋಶ ಇನ್ನೂ ಕೆರಳುತ್ತದೆ. ಆಗ ಅವಸರ ಇನ್ನೂ ಜಾಸ್ತಿ. ಅವರು ಇನ್ನೂ ಕಡಿಮೆ ಕುಡಿಯುತ್ತಾರೆ.

ಒಂಬತ್ತನೇ ದಿನ ಮಧ್ಯಾಹ್ನ ಡಾಕ್ಟರು, ಡೋಸ್ ಲೆಕ್ಕ ಹಾಕುವ ಫಿಸಿಸಿಸ್ಟ್, ನಾವು ಕೂತು ಮಾತಾಡಿದೆವು. ಈ ಇಡೀ ಪ್ರಕರಣದ ಮುಖ್ಯ ತಿರುವು ಅದೇ ಅಂತ ನನ್ನ ಲೆಕ್ಕ. ಎರಡು ದಾರಿ ಇತ್ತು. ಹೇಗಾದರೂ ಮಾಡಿ 310ಕ್ಕೆ ತುಂಬಿಸುವುದು ಒಂದು. ದಿನಾ ತಡೆದುಕೊಳ್ಳಬಹುದಾದ ಒಂದು ಅಳತೆ ಹಿಡಿದು ಅದಕ್ಕೆ ಪ್ಲಾನ್ ಹೊಂದುತ್ತದಾ ನೋಡುವುದು ಇನ್ನೊಂದು. ಒಂಬತ್ತನೇ ದಿನದ ಸ್ಕ್ಯಾನಿನ ಮೇಲೆ ಫಿಸಿಸಿಸ್ಟ್ ಡೋಸ್ ಮರುಲೆಕ್ಕ ಹಾಕಿದರು. 110ರಲ್ಲಿ ಮೂತ್ರಕೋಶಕ್ಕೆ ಬೀಳುವ ಡೋಸ್ ಮಿತಿಯ ಅಂಚಿಗೆ ಬರುತ್ತಿತ್ತು. 150 ದಾಟಿದರೆ ಆರಾಮವಾಗಿ ಮಿತಿಯೊಳಗೆ. ಪ್ರಾಸ್ಟೇಟಿಗೆ ಬೀಳುವ ಡೋಸಿಗೆ ಎರಡರಲ್ಲೂ ಏನೂ ಕೊರತೆಯಿಲ್ಲ. ಅಂದರೆ 310ರ ಹಟ ಬೇಕಿರಲಿಲ್ಲ. ದಿನಾ 150ರಿಂದ 200 ಇದ್ದರೆ ಸಾಕಿತ್ತು.

ಮೂತ್ರ ಪರೀಕ್ಷೆಯಲ್ಲಿ ಸೋಂಕು ಇರಲಿಲ್ಲ. ಮೂತ್ರ ಸಲೀಸಾಗಿ ಹೋಗಲು ಟಾಮ್ಸುಲೋಸಿನ್ ಮಾತ್ರೆ ಶುರುವಾಯಿತು. ಅದರಿಂದ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು, ರಾತ್ರಿ ಎದ್ದಾಗ ಒಂದು ನಿಮಿಷ ಕೂತು ಏಳಿ ಅಂತ ಹೇಳಿದರು. ದಿನದ ಮೊದಲ ಸರದಿ ಅವರಿಗೇ ಕೊಟ್ಟೆವು. ಇನ್ನೊಂದು ಬದಲಾವಣೆ ನನ್ನದು: ಮಷೀನ್ ಚಾಲೂ ಆಗಿದೆ ಅಂತ ನಾನು ಬಂದು ಹೇಳುವ ತನಕ ನೀರು ಕುಡಿಯುವ ಹಾಗಿಲ್ಲ. ಮೂರರ ಬದಲು ಎರಡು ಲೋಟ, ಅರ್ಧ ಗಂಟೆ. ಪ್ಯಾಂಟಿನ ವಿಷಯ ನಾನು ಎತ್ತಲಿಲ್ಲ. "ಇನ್ಮೇಲೆ ತಡ ಆದ್ರೆ ಮೊದಲು ಹೋಗಿ ಬಂದುಬಿಡಿ ಸರ್, ಮತ್ತೆ ಶುರು ಮಾಡೋಣ" ಅಂದೆ. ಅವರು ಹೂಂ ಅಂದರು. ಹತ್ತನೇ ದಿನದಿಂದ ಇಪ್ಪತ್ತನೇ ದಿನದವರೆಗೆ ಮೂತ್ರಕೋಶ 150ರ ಕೆಳಗೆ ಇಳಿಯಲೇ ಇಲ್ಲ.

ಇನ್ನೊಂದು ಸಣ್ಣ ವಿಷಯವೂ ಆಗಲೇ ಹೊರಬಂತು. ಎರಡು ವಾರದಿಂದ ಅವರು ಮೊಮ್ಮಗುವನ್ನು ಎತ್ತಿಕೊಂಡಿರಲಿಲ್ಲ. ಮೈಯಿಂದ ರೇಡಿಯೇಷನ್ ಮಗುವಿಗೆ ತಾಗುತ್ತೆ ಅಂತ ಯಾರೋ ಹೆದರಿಸಿದ್ದರು. ಹೊರಗಿನಿಂದ ಕೊಡುವ ಬೀಮ್ ಟ್ಯೂಬ್‌ಲೈಟ್ ಇದ್ದ ಹಾಗೆ, ಸ್ವಿಚ್ ಆರಿಸಿದರೆ ಮುಗೀತು. ಮೈಯಲ್ಲಿ ಏನೂ ಉಳಿಯುವುದಿಲ್ಲ. ವಿಕಿರಣ ಬೀಜಗಳನ್ನು ಒಳಗೇ ಇಟ್ಟುಬಿಡುವ ಚಿಕಿತ್ಸೆಯಲ್ಲಿ ಕೆಲವು ಕಾಲ ಎಚ್ಚರ ಹೇಳುತ್ತಾರೆ, ಆ ಮಾತು ಬೇರೆ. ಇವರ ಚಿನ್ನದ ಕಾಳು ಬರೀ ಗುರುತಿಗೆ ಇಟ್ಟದ್ದು.

ಹದಿನಾಲ್ಕನೇ ತಿಂಗಳು: ರಕ್ತ

ಚಿಕಿತ್ಸೆ ಮುಗಿದ ಆರು ವಾರದಲ್ಲಿ ಮೂತ್ರದ ಉರಿ, ಅವಸರ ತಣ್ಣಗಾಯಿತು. ಎಲ್ಲರೂ ನಿರಾಳವಾದರು. ಹದಿನಾಲ್ಕನೇ ತಿಂಗಳಲ್ಲಿ ಮಲದ ಜೊತೆ ಕೆಂಪು ರಕ್ತ ಕಂಡಿತು. ಅವರು ಮೊದಲು ಮಾಡಿದ ಕೆಲಸ, ಯಾರನ್ನೂ ಕೇಳದೆ ಆಸ್ಪಿರಿನ್ ನಿಲ್ಲಿಸಿದ್ದು. ಸ್ಟೆಂಟ್ ಇರುವ ಹೃದಯಕ್ಕೆ ಇದು ಆ ರಕ್ತಕ್ಕಿಂತ ದೊಡ್ಡ ಅಪಾಯ. ಹತ್ತು ದಿನ ಮಾತ್ರೆಯಿಲ್ಲದೆ ಕಳೆದರು. ಏನೂ ಆಗಲಿಲ್ಲ, ಅದು ಅದೃಷ್ಟ.

ಆಮೇಲೆ ಬೇರೊಂದು ಕಡೆ ತೋರಿಸಿದರು. ಅಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿ, ಕೆಂಪಾಗಿ ಕಂಡ ಜಾಗದಿಂದ ಬಯಾಪ್ಸಿ ತೆಗೆಯೋಣ ಅಂದರು. ಕೊಲೊನೋಸ್ಕೋಪಿ ಸರಿಯೇ. ಈ ವಯಸ್ಸಿನಲ್ಲಿ ರಕ್ತ ಬಂದರೆ ಎಲ್ಲವನ್ನೂ ರೇಡಿಯೇಷನ್ ತಲೆಗೆ ಕಟ್ಟಬಾರದು, ಕರುಳಿನಲ್ಲಿ ಬೇರೇನಿದೆ ನೋಡಲೇಬೇಕು. ಅಡ್ಡಿ ಇದ್ದದ್ದು ಬಯಾಪ್ಸಿಗೆ. ಗುದನಾಳದ ಮುಂದಿನ ಗೋಡೆ ಪ್ರಾಸ್ಟೇಟಿಗೆ ಅಂಟಿಕೊಂಡಿರುತ್ತದೆ. ಜಾಸ್ತಿ ಡೋಸ್ ತಿಂದ ಜಾಗ ಅದು. ಅಲ್ಲಿ ರಕ್ತದ ಓಡಾಟ ಕಡಿಮೆ, ಗಾಯ ಬೇಗ ಮಾಯುವುದಿಲ್ಲ. ಚಿವುಟಿ ತೆಗೆದ ಸಣ್ಣ ಗಾಯವೇ ದೊಡ್ಡದಾಗಿ ಗುದನಾಳಕ್ಕೂ ಮೂತ್ರನಾಳಕ್ಕೂ ನಡುವೆ ತೂತು ಬಿದ್ದ ಉದಾಹರಣೆಗಳಿವೆ. ಆಮೇಲೆ ಅದನ್ನು ಸರಿಪಡಿಸುವುದು ಬಹಳ ಕಷ್ಟ.

ಅಲ್ಲಿನ ಡಾಕ್ಟರಿಗೆ ಇವರಿಗೆ ರೇಡಿಯೇಷನ್ ಆಗಿದ್ದು ಗೊತ್ತೇ ಇರಲಿಲ್ಲ. ಕೇಳಿದಾಗ ಇವರು "ಪ್ರಾಸ್ಟೇಟ್‌ಗೆ ಚಿಕಿತ್ಸೆ ಆಗಿದೆ" ಅಂದಿದ್ದರಂತೆ, ಅಷ್ಟೇ. ಪರೀಕ್ಷೆಯ ಹಿಂದಿನ ದಿನ ಸಂಜೆ ಮಗಳು ನಮಗೆ ಫೋನ್ ಮಾಡಿದರು, ಬರೀ ನೀರಿನ ವಿಷಯ ಕೇಳಲು: ಕೊಲೊನೋಸ್ಕೋಪಿಗೆ ಮುಂಚೆ ಅಷ್ಟೊಂದು ನೀರು ಕುಡಿಯಬೇಕಂತೆ, ಅಪ್ಪನಿಗೆ ಪರವಾಗಿಲ್ವಾ ಅಂತ. ಮಾತಿನ ನಡುವೆ ಬಯಾಪ್ಸಿ ಅಂದರು. ನಮ್ಮ ಡಾಕ್ಟರು ಆವತ್ತೇ ಒಂದು ಪುಟದ ಪತ್ರ ಬರೆದು ಕಳಿಸಿದರು. ಯಾವ ತಿಂಗಳು, ಎಷ್ಟು ಡೋಸ್, ಮುಂದಿನ ಗೋಡೆಯನ್ನು ಅನಿವಾರ್ಯವಲ್ಲದೆ ಮುಟ್ಟಬೇಡಿ ಅಂತ. ಅಲ್ಲಿನ ಡಾಕ್ಟರು ಪತ್ರ ಓದಿ ಥ್ಯಾಂಕ್ಸ್ ಹೇಳಿದರು. ಪರೀಕ್ಷೆಯಲ್ಲಿ ಮುಂದಿನ ಗೋಡೆಯ ಮೇಲೆ ಬಲೆಯ ಹಾಗೆ ಹರಡಿದ ಸಣ್ಣ ರಕ್ತನಾಳಗಳು ಕಂಡವು. ರೇಡಿಯೇಷನ್ನಿನ ತಡವಾದ ಪರಿಣಾಮಕ್ಕೆ ಇದೇ ಗುರುತು. ಮುಟ್ಟದೆ ಬಿಟ್ಟರು. ಕರುಳಿನ ಉಳಿದ ಭಾಗ ಸರಿಯಾಗಿತ್ತು.

ಹಿಮೋಗ್ಲೋಬಿನ್ ಇಳಿದಿರಲಿಲ್ಲ. ಮಲ ಮೆತ್ತಗಾಗುವ ಔಷಧ, ಗುದದ್ವಾರದಿಂದ ಒಳಗೆ ಬಿಡುವ ಸುಕ್ರಾಲ್ಫೇಟ್ ಔಷಧ (ಎನಿಮಾ) ಕೊಟ್ಟರು. ಹೃದಯದ ಡಾಕ್ಟರನ್ನು ಕೇಳಿ ಆಸ್ಪಿರಿನ್ ಮತ್ತೆ ಶುರು ಮಾಡಿದರು. ನಾಲ್ಕು ತಿಂಗಳಲ್ಲಿ ರಕ್ತ ನಿಂತಿತು. ಪ್ರಾಸ್ಟೇಟಿಗೂ ಗುದನಾಳಕ್ಕೂ ನಡುವೆ ಜೆಲ್ ತುಂಬಿ ಒಂದು ಸೆಂಟಿಮೀಟರ್‌ನಷ್ಟು ದೂರ ಮಾಡುವ ಕ್ರಮ ಇದೆ. ಇವರಿಗೆ ಅದನ್ನು ಮಾಡಿರಲಿಲ್ಲ. ಆಸ್ಪಿರಿನ್ ತಗೊಳ್ಳುವವರಲ್ಲಿ ರಕ್ತ ಬರುವ ಸಾಧ್ಯತೆ ಹೆಚ್ಚು ಅಂತ ಗೊತ್ತಿದ್ದ ಮೇಲೆ, ಕನಿಷ್ಠ ಆ ಮಾತನ್ನಾದರೂ ಮುಂದಿಡಬೇಕಿತ್ತು ಅಂತ ನನ್ನ ಅನಿಸಿಕೆ.

ಹದಿನೆಂಟನೇ ತಿಂಗಳು: ಏರಿದ ಪಿಎಸ್‌ಎ

ಚಿಕಿತ್ಸೆ ಮುಗಿದ ಮೂರು ತಿಂಗಳಿಗೆ ಪಿಎಸ್‌ಎ 0.05 ಇತ್ತು. ಒಂಬತ್ತನೇ ತಿಂಗಳಿಗೆ 0.3, ಹದಿನೈದಕ್ಕೆ 0.8, ಹದಿನೆಂಟಕ್ಕೆ 1.5. ಮನೆಯಲ್ಲಿ ಊಟ ನಿದ್ದೆ ಬಿಟ್ಟರು. ಅವರ ಗೆಳೆಯರೊಬ್ಬರು ಆಪರೇಷನ್ ಮಾಡಿಸಿಕೊಂಡಿದ್ದರು. ಅವರ ಪಿಎಸ್‌ಎ 0.2 ಆಗುತ್ತಲೇ ಡಾಕ್ಟರು ರೇಡಿಯೇಷನ್ ಶುರು ಮಾಡಿದ್ದರು. ಅವರಿಗೆ 0.2ಕ್ಕೇ ಹೀಗೆ, ನನಗೆ 1.5 ಆಗಿದೆ, ನೀವು ಕಾಯಿರಿ ಅಂತೀರಾ? ಹಾರ್ಮೋನ್ ಇಂಜೆಕ್ಷನ್ ಇವತ್ತೇ ಕೊಡಿ ಅಂತ ಹಟ ಹಿಡಿದರು.

ಎರಡೂ ಅಳತೆಗೋಲು ಬೇರೆ. ಆಪರೇಷನ್ನಿನಲ್ಲಿ ಪ್ರಾಸ್ಟೇಟೇ ಹೋಗಿರುತ್ತದೆ, ಪಿಎಸ್‌ಎ ತಯಾರಿಸಲು ಏನೂ ಉಳಿಯಬಾರದು. ಅಲ್ಲಿ 0.2 ಅಂದರೂ ಎಚ್ಚರವೇ. ರೇಡಿಯೇಷನ್ನಿನಲ್ಲಿ ಗ್ರಂಥಿ ಒಳಗೇ ಇರುತ್ತದೆ. ಅದರ ಒಳ್ಳೆಯ ಜೀವಕೋಶಗಳು ಸ್ವಲ್ಪ ಪಿಎಸ್‌ಎ ಬಿಡುತ್ತಲೇ ಇರುತ್ತವೆ. ಹಾರ್ಮೋನ್ ಇಂಜೆಕ್ಷನ್ ಇರುವಷ್ಟು ದಿನ ಅವೂ ಮಲಗಿದ್ದವು, ಹಾಗಾಗಿ 0.05. ಟೆಸ್ಟೋಸ್ಟಿರೋನ್ ವಾಪಸ್ ಬಂದಾಗ ಎದ್ದವು. ಇದಲ್ಲದೆ ಒಂದೆರಡು ವರ್ಷದೊಳಗೆ ಪಿಎಸ್‌ಎ ಒಮ್ಮೆ ಏರಿ ತಾನೇ ಇಳಿಯುವುದೂ ಇದೆ. ಅದಕ್ಕೆ ಬೌನ್ಸ್ ಅನ್ನುತ್ತಾರೆ. 2005ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ತಜ್ಞರು ಸೇರಿ ಒಪ್ಪಿಕೊಂಡ ಅಳತೆ ಹೀಗಿದೆ: ಅತಿ ಕಡಿಮೆ ಮಟ್ಟಕ್ಕಿಂತ 2 ಹೆಚ್ಚಾದರೆ ಮಾತ್ರ ಮರುಕಳಿಕೆ ಅನ್ನಬೇಕು. ಇವರಿಗೆ ಅದು 2.05.

ಡಾಕ್ಟರು ಇಂಜೆಕ್ಷನ್ ಕೊಡಲಿಲ್ಲ. ಕೊಟ್ಟಿದ್ದರೆ ಪಿಎಸ್‌ಎ ಖಂಡಿತ ಇಳಿಯುತ್ತಿತ್ತು, ಎಲ್ಲರಿಗೂ ಸಮಾಧಾನವೂ ಆಗುತ್ತಿತ್ತು. ಆದರೆ ರೋಗ ಬಂದಿತ್ತಾ ಇಲ್ಲವಾ ಅನ್ನುವುದು ಎಂದಿಗೂ ಗೊತ್ತಾಗುತ್ತಿರಲಿಲ್ಲ. ಬೇಡದ ಸುಸ್ತು, ಮೂಳೆ ಸವೆತ, ಹೃದಯಕ್ಕೆ ಇನ್ನೊಂದು ಹೊರೆ ಮಾತ್ರ ಉಳಿಯುತ್ತಿತ್ತು. ಟೆಸ್ಟೋಸ್ಟಿರೋನ್ ಪರೀಕ್ಷೆ ಮಾಡಿಸಿದರು, ಮಾಮೂಲಿ ಮಟ್ಟಕ್ಕೆ ಬಂದಿತ್ತು. ಒಂದು ಕಾಗದದ ಮೇಲೆ ಗೆರೆ ಎಳೆದು 2.05 ಅಂತ ಬರೆದು, "ಈ ಗೆರೆ ದಾಟಿದರೆ ನಾನೇ ಸ್ಕ್ಯಾನ್ ಬರೀತೀನಿ. ಅಲ್ಲಿ ತನಕ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಒಂದೇ ಲ್ಯಾಬಿನಲ್ಲಿ" ಅಂದರು. ಸುಮ್ನೆ ಕಾಯಿರಿ ಅನ್ನುವುದಕ್ಕಿಂತ, ಎಲ್ಲಿಯವರೆಗೆ ಕಾಯಬೇಕು ಅಂತ ಗೆರೆ ಎಳೆದು ಕೊಟ್ಟದ್ದು ಕೆಲಸ ಮಾಡಿತು. ಆ ಕಾಗದವನ್ನು ಅವರು ಫೈಲಿನ ಮೊದಲ ಪುಟಕ್ಕೆ ಹಾಕಿಕೊಂಡರು.

ಇಪ್ಪತ್ತೊಂದನೇ ತಿಂಗಳು 1.3. ಇಪ್ಪತ್ನಾಲ್ಕಕ್ಕೆ 0.7. ಮೂರು ವರ್ಷಕ್ಕೆ 0.5.

ಆಮೇಲೆ ನಾವು ಬದಲಿಸಿಕೊಂಡದ್ದು

ಮೂತ್ರಕೋಶ ಪೂರ್ತಿ ತುಂಬಿರಬೇಕು ಅನ್ನುವುದನ್ನು ಬಿಟ್ಟೆವು. ಆರಾಮವಾಗಿ ತಡೆದುಕೊಳ್ಳುವಷ್ಟು ತುಂಬಿದಾಗಲೇ ಪ್ಲಾನಿಂಗ್ ಸಿಟಿ ತೆಗೆಯುತ್ತೇವೆ. ಆ ದಿನ ಹುಮ್ಮಸ್ಸಿನಲ್ಲಿ 300 ಹಿಡಿದವರು ಮೂರನೇ ವಾರ ಹಿಡಿಯಲಾರರು. ಮಷೀನ್ ತಡವಾದರೆ ಮೊದಲು ಹೊರಗೆ ಹೋಗಿ ಹೇಳುವ ಕೆಲಸ ಒಬ್ಬರಿಗೆ ವಹಿಸಿದ್ದೇವೆ. ಅಳತೆ ಎರಡು ದಿನ ಕಡಿಮೆ ಬಂದರೆ ಶೀಟಿನಲ್ಲಿ 'ತಿಳಿಹೇಳಲಾಯಿತು' ಅಂತ ಬರೆಯುವ ಹಾಗಿಲ್ಲ. ಯಾಕೆ ಅಂತ ಕೇಳಿ, ಬಂದ ಉತ್ತರ ಬರೆಯಬೇಕು. ಕೊನೆಯ ದಿನ ಎಲ್ಲರಿಗೂ ಒಂದು ಕಾರ್ಡ್ ಕೊಡುತ್ತೇವೆ: ರೇಡಿಯೇಷನ್ ಯಾವ ತಿಂಗಳು, ಎಷ್ಟು ಡೋಸ್, ಗುದನಾಳದ ಬಯಾಪ್ಸಿಗೆ ಮುಂಚೆ ನಮಗೆ ಫೋನ್ ಮಾಡಿ, ರಕ್ತ ತೆಳುವಾಗಿಸುವ ಮಾತ್ರೆ ನೀವೇ ನಿಲ್ಲಿಸಬೇಡಿ.

ಒಂದು ವಿಷಯ ಇನ್ನೂ ಬಾಕಿ. ಎರಡೂವರೆ ವರ್ಷದ ಭೇಟಿಯಲ್ಲಿ ಅವರು ಬಾಗಿಲ ತನಕ ಹೋಗಿ ವಾಪಸ್ ಬಂದು, ದಾಂಪತ್ಯದ ವಿಷಯ ಕೇಳಬಹುದಾ ಅಂತ ಮೆಲ್ಲಗೆ ಕೇಳಿದರು. ಹಾರ್ಮೋನ್ ನಿಂತ ಮೇಲೂ ಆ ಶಕ್ತಿ ಪೂರ್ತಿ ಮರಳಿರಲಿಲ್ಲ. ರೇಡಿಯೇಷನ್ನಿನಿಂದ ಅದು ವರ್ಷಗಳ ಮೇಲೆ ನಿಧಾನವಾಗಿ ಕುಗ್ಗಬಹುದು, ಔಷಧವೂ ಇದೆ. ಆದರೆ ಹೃದಯದ ಕೆಲವು ಮಾತ್ರೆಗಳ ಜೊತೆ ಅದು ಹೊಂದುವುದಿಲ್ಲ, ಮೊದಲು ಕೇಳಿ ತಿಳಿದುಕೊಳ್ಳಬೇಕು. ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿ ಇದರ ಬಗ್ಗೆ ಒಂದು ಸಾಲು ಇತ್ತು, ಅವರು ಸಹಿ ಹಾಕಿದ್ದರು. ಬಾಯಿಬಿಟ್ಟು ನಾವು ಯಾರೂ ಹೇಳಿರಲಿಲ್ಲ. ಈಗ ಮೊದಲ ಭೇಟಿಯ ಫಾರ್ಮಿನಲ್ಲಿ ಆ ಪ್ರಶ್ನೆ ಸೇರಿಸಿದ್ದೇವೆ. ಕೇಳುವವರು ಯಾರು ಅನ್ನುವುದು ಮಾತ್ರ ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.